ಸಮನಾಗಿ ಹಂಚಿದ ಗೀರುಗಳು

ತ್ಸುಬಾಮೆ ಊರಿನವರಾದ ನಾವು ಅನ್ನ ಉಣ್ಣುವುದು ಎರಡು ಕಡ್ಡಿಯಲ್ಲಿ, ಆ ಅನ್ನ ದುಡಿಯುವುದು ಚಮಚದಲ್ಲಿ. ಊರಿನ ಅರ್ಧ ಮನೆಗಳಲ್ಲಿ ಚಮಚದ್ದೋ ಫೋರ್ಕಿನದ್ದೋ ಯಾವುದಾದರೊಂದು ತುಂಡು ಕೆಲಸ ನಡೆಯುತ್ತಲೇ ಇರುತ್ತದೆ. ಒಬ್ಬರು ತಗಡು ಒತ್ತುತ್ತಾರೆ, ಒಬ್ಬರು ಹಲ್ಲು ಕೊರೆಯುತ್ತಾರೆ, ಒಬ್ಬರು ಹೊಳಪು ಕೊಡುತ್ತಾರೆ. ಹೀಗೆ ಹತ್ತು ಕೈ ದಾಟಿ ಬಂದ ಚಮಚ ಕೊನೆಗೆ ಕಾರ್ಖಾನೆಯ ಉತ್ತರದ ಕಿಟಕಿಯ ಕೆಳಗೆ ಕೂತಿದ್ದ ಇಗರಾಶಿ ಕಿನುಯೊಳ ಕೈಗೆ ಬರುತ್ತಿತ್ತು. ಅವಳು ಸರಿ ಎಂದರೆ ಅದು ಹಡಗು ಹತ್ತುತ್ತಿತ್ತು, ಇಲ್ಲವೆಂದರೆ ಬಂದ ದಾರಿ ಹಿಡಿಯುತ್ತಿತ್ತು.

ಹತ್ತೊಂಬತ್ತು ವರ್ಷ ಅವಳು ಮಾಡಿದ್ದು ಇದೊಂದೇ ಕೆಲಸ. ಚಮಚದ ಬಟ್ಟಲನ್ನು ಬೆಳಕಿಗೆ ಹಿಡಿದು, ಅದರೊಳಗೆ ಬೀಳುವ ಕಿಟಕಿ ಚೌಕಟ್ಟಿನ ನೆರಳುಗೆರೆಯನ್ನು ನೋಡುವುದು. ಗೆರೆ ಎಲ್ಲೂ ತಡವರಿಸದೆ ಬಾಗಿದರೆ ಚಮಚ ಚೊಕ್ಕ. ಕೂದಲೆಳೆಯಷ್ಟು ಮುರಿದರೂ ಅಲ್ಲೊಂದು ಗೀರಿದೆ. ಬೇರೆಯವರು ಮೂರು ಸಲ ತಿರುಗಿಸಿ ಹುಡುಕುವುದನ್ನು ಕಿನುಯೊ ಒಂದೇ ನೋಟಕ್ಕೆ ಹಿಡಿಯುತ್ತಿದ್ದಳು. "ಇಗರಾಶಿಯಮ್ಮನ ಕಣ್ಣು ತಪ್ಪಿಸಿ ನೊಣ ಕೂಡ ಚಮಚದ ಮೇಲೆ ಕೂರಲ್ಲ" ಎಂದು ಕಾರ್ಖಾನೆಯಲ್ಲಿ ತಮಾಷೆ ಮಾಡುತ್ತಿದ್ದರು. ಅವಳು ತಲೆ ತಗ್ಗಿಸಿ ನಕ್ಕು ಸುಮ್ಮನಾಗುತ್ತಿದ್ದಳು, ಒಳಗೊಳಗೆ ಮಾತ್ರ ಉಬ್ಬಿ ಹೋಗುತ್ತಿದ್ದಳು. ಗಂಡ ತೀರಿಹೋಗಿ, ಮಗಳನ್ನು ನಾಗಾವೊಕಾಕ್ಕೆ ಮದುವೆ ಮಾಡಿ ಕೊಟ್ಟು, ನಲವತ್ತೇಳರ ವಯಸ್ಸಿಗೆ ಒಬ್ಬಳೇ ಉಳಿದ ಹೆಂಗಸು. ಹೇಳಿಕೊಳ್ಳಲು ಬೇರೇನಿತ್ತು? ನಾಲ್ಕು ಜನ ನಂಬುವ ಕಣ್ಣೊಂದಿತ್ತು.

1970ರ ಜನವರಿಯಲ್ಲಿ ಅವಳ ಪಕ್ಕದ, ಬೇಡವಾದ ಚಮಚಗಳ ಬುಟ್ಟಿ ದಿನವೂ ತುಂಬತೊಡಗಿತು. ಬಟ್ಟಲಿನ ಒಳಮೈಯಲ್ಲಿ ಬೆಕ್ಕಿನ ಮೀಸೆಯಷ್ಟು ಸಣ್ಣ ಗೀರುಗಳು. ವಾರಕ್ಕೆ ಐವತ್ತು ಅರವತ್ತು ಇದ್ದದ್ದು ಇನ್ನೂರು ದಾಟಿತು. ಆಗಲೇ ಕುವಾಬಾರಾ ಮೀನು ತಂದದ್ದು.

ಕುವಾಬಾರಾ ಹೊಸ ಇಂಜಿನಿಯರು, ಮೂವತ್ತು ದಾಟಿರದ ಮನುಷ್ಯ. ಟೋಕಿಯೊದಲ್ಲಿ ಹತ್ತು ದಿನದ ಪಾಠಕ್ಕೆ ಹೋಗಿ ಬಂದಿದ್ದ. ಹಳೆಯ ಕ್ಯಾಲೆಂಡರಿನ ಹಿಂಬದಿಗೆ ಒಂದು ಉದ್ದ ಗೆರೆ ಎಳೆದು, ಅದರ ಬಲತುದಿಗೆ ತಲೆಯಂತೆ ಒಂದು ಚೌಕ ಬರೆದು, ಚೌಕದೊಳಗೆ "ಗೀರು" ಎಂದು ಬರೆದ. ಉದ್ದ ಗೆರೆಯೇ ಮೀನಿನ ಬೆನ್ನೆಲುಬು. ಅದಕ್ಕೆ ಓರೆಯಾಗಿ ನಾಲ್ಕು ದೊಡ್ಡ ಮುಳ್ಳು: ಆಳು, ಯಂತ್ರ, ಸರಕು, ವಿಧಾನ. ಪ್ರತಿ ಮುಳ್ಳಿಗೂ ಸಣ್ಣ ಮುಳ್ಳು, ಸಣ್ಣದಕ್ಕೆ ಇನ್ನೂ ಸಣ್ಣದು. ಚಮಚ ಒರೆಸುವ ಹೆಂಗಸರೆಲ್ಲ ಸುತ್ತ ನಿಂತು ನೋಡಿದರು.

"ಮೀನೇನೋ ಚೆನ್ನಾಗಿದೆ. ಸುಡೋದಾ, ಉಪ್ಪು ಹಾಕಿ ಒಣಗಿಸೋದಾ?" ಎಂದಳು ಅವರಲ್ಲೊಬ್ಬಳಾದ ಟೋಮಿ. ಎಲ್ಲರೂ ನಕ್ಕರು. ಕುವಾಬಾರಾನೂ ನಕ್ಕ.

"ಇದನ್ನ ತಿನ್ನೋದಲ್ಲ, ಇದು ನಮ್ಮನ್ನ ತಿನ್ನದ ಹಾಗೆ ನೋಡ್ಕೋಬೇಕು. ಗೀರು ಯಾಕೆ ಬಂತು? ಅದು ಯಾಕಾಯ್ತು? ಅದಕ್ಕೆ ಕಾರಣ ಏನು? ಹೀಗೆ ಐದು ಸಲ ಯಾಕೆ ಯಾಕೆ ಅಂತ ಕೇಳ್ತಾ ಹೋದ್ರೆ ಕೊನೇ ಮುಳ್ಳಲ್ಲಿ ಬೇರು ಸಿಗುತ್ತೆ. ಒಂದೇ ಒಂದು ಮಾತು ನೆನಪಿರ್ಲಿ. ಈ ಮೀನಿನ ಮೇಲೆ ಯಾರ ಹೆಸರೂ ಬರೆಯೋ ಹಾಗಿಲ್ಲ. ಇದು ಆಳನ್ನ ದೂರೋಕೆ ಅಲ್ಲ."

ಆ ಮಾತು ಕಿನುಯೊಳಿಗೆ ತುಂಬಾ ಹಿಡಿಸಿತು. ಹಳೆಯ ಮೇಸ್ತ್ರಿಯ ಕಾಲದಲ್ಲಿ ಬೆಳಗಿನ ಸಾಲಿನಲ್ಲಿ ಎಲ್ಲರನ್ನೂ ನಿಲ್ಲಿಸಿ, ಯಾವ ಮೇಜಿನ ಕೆಲಸ ಕೆಟ್ಟಿದೆಯೆಂದು ಹೆಸರು ಹಿಡಿದು ಓದುತ್ತಿದ್ದರು. ಹೆಸರು ಓದಿಸಿಕೊಂಡವರು ಆ ದಿನವೆಲ್ಲ ಕಿವಿ ಕೆಂಪಗೆ ಮಾಡಿಕೊಂಡು, ಬುತ್ತಿ ಬಿಚ್ಚದೆ ಕೂತಿರುತ್ತಿದ್ದರು. ಆ ಪೀಡೆ ತೊಲಗಿತು ಎಂದುಕೊಂಡಳು. ಅವಳ ಅಕ್ಷರ ದುಂಡಗೆ ಇದ್ದದ್ದರಿಂದ ಮುಳ್ಳುಗಳ ಮೇಲೆ ಬರೆಯುವ ಕೆಲಸವೂ, ಎರಡು ವಾರ ಗೀರುಗಳನ್ನು ಎಣಿಸುವ ಕೆಲಸವೂ ಅವಳ ಪಾಲಿಗೇ ಬಂದವು.

ಎಣಿಕೆಯ ಹಾಳೆಯಲ್ಲಿ ಎರಡು ಭಾಗ. ಗೀರು ಬಿದ್ದ ಚಮಚ ಯಾವ ಮನೆಯಲ್ಲಿ ಹೊಳಪು ಪಡೆಯಿತು ಎಂಬುದು ಒಂದು ಕಡೆ. ಕಾರ್ಖಾನೆಗೆ ಬಂದ ಮೇಲೆ ಯಾವ ಮೇಜಿನಲ್ಲಿ ಅದನ್ನು ತೊಳೆದು ಒರೆಸಿದರು ಎಂಬುದು ಇನ್ನೊಂದು ಕಡೆ. ಹೊಳಪು ಕೊಡುವ ಮನೆಗಳು ಮೂರು, ಒರೆಸುವ ಮೇಜುಗಳು ನಾಲ್ಕು. ಒಂದು ಚಮಚಕ್ಕೆ ಎರಡೂ ಕಡೆ ಒಂದೊಂದು ಗೀಟು ಹಾಕಬೇಕು, ಅಷ್ಟೇ.

ಮೂರನೇ ದಿನಕ್ಕೇ ಕಿನುಯೊಳಿಗೆ ಗೊತ್ತಾಯಿತು. ಗೀರುಗಳು ಬಹುಪಾಲು ಬರುತ್ತಿದ್ದದ್ದು ಮೂರನೇ ಮೇಜಿನಿಂದ. ಮೂರನೇ ಮೇಜು ಟೋಮಿಯದು.

ಟೋಮಿ ಅಂದರೆ ಕಿನುಯೊಳಿಗೆ ಬರೀ ಗೆಳತಿಯಲ್ಲ. ಇಪ್ಪತ್ತಾರು ವರ್ಷದ ಹಿಂದೆ ಕಿನುಯೊ ಹೊಳೆಯಾಚೆಯಿಂದ ಸೊಸೆಯಾಗಿ ಬಂದಾಗ ಅತ್ತೆ ಇವಳನ್ನು ಅರೆಹೊಟ್ಟೆಯಲ್ಲಿ ಇಡುತ್ತಿದ್ದಳು. ಆಗ ಪಕ್ಕದ ಮನೆಯ ಟೋಮಿ ಹಿಮದ ಗೋಡೆಯ ಮೇಲಿಂದ ಕೈ ಚಾಚಿ, ಒಳಗೆ ಉಪ್ಪುಮೀನಿನ ಚೂರಿಟ್ಟ ಅನ್ನದುಂಡೆ ಕೊಡುತ್ತಿದ್ದಳು. ಈಗ ಟೋಮಿಯ ದೆಸೆ ಕೆಟ್ಟಿತ್ತು. ಹಿಂದಿನ ಚಳಿಗಾಲದ ಹಿಮಕ್ಕೆ ಮನೆಯ ಚಾವಣಿ ಕುಸಿದು, ತೇಪೆಯಲ್ಲೇ ಬೇಸಿಗೆ ಕಳೆದು, ಶರತ್ಕಾಲದಿಂದ ಮೈದುನನ ಮನೆಯ ಹಿಂದಿನ ಕೋಣೆಯಲ್ಲಿ ಅವರಿವರ ಮುಲಾಜಿನಲ್ಲಿದ್ದಳು. ಬಾಯಿ ಮಾತ್ರ ಮೊದಲಿನಂತೆಯೇ ಇತ್ತು.

ಹೆಸರು ಬರೆಯುವ ಹಾಗಿಲ್ಲ ಎಂದು ಕುವಾಬಾರಾ ಹೇಳಿದ್ದ. ಮೂರನೇ ಮೇಜಿನ ಅಂಕಣದಲ್ಲಿ ಗೀಟುಗಳು ಒತ್ತೊತ್ತಾಗಿ ಬಿದ್ದರೆ ಅದು ಹೆಸರು ಬರೆದ ಹಾಗಲ್ಲದೆ ಇನ್ನೇನು? ಕಿನುಯೊ ಹೀಗೆ ಯೋಚಿಸಿದಳು. ಗೀರು ಬಿದ್ದದ್ದಂತೂ ನಿಜ, ಲೆಕ್ಕ ಒಟ್ಟಿನಲ್ಲಿ ಸರಿಯಿದ್ದರಾಯಿತು, ಯಾರೊಬ್ಬರ ಮೇಲೂ ಭಾರ ಬೀಳಬಾರದು. ಅಂದಿನಿಂದ ಮೂರನೇ ಮೇಜಿನ ಗೀರುಗಳನ್ನು ನಾಲ್ಕೂ ಮೇಜುಗಳಿಗೆ ಹಂಚುತ್ತ ಬಂದಳು, ಹಬ್ಬದ ದಿನ ಅಕ್ಕಪಕ್ಕದ ಮನೆಗಳಿಗೆ ತಿಂಡಿ ಹಂಚುವ ಹಾಗೆ. ಎರಡು ವಾರಕ್ಕೆ ನಾನೂರ ಎಂಬತ್ತು ಗೀರು. ಮೇಜಿಗೆ ನೂರಿಪ್ಪತ್ತು. ತೀರಾ ಸಮ ಬಂದರೆ ಅನುಮಾನ ಬಂದೀತೆಂದು ಒಂದು ಕಡೆ ನೂರಿಪ್ಪತ್ತೊಂದು, ಇನ್ನೊಂದು ಕಡೆ ನೂರ ಹತ್ತೊಂಬತ್ತು ಮಾಡಿದಳು. ಮಾಡುತ್ತಿದ್ದುದು ಬರೀ ಒಳ್ಳೆಯತನ ಆಗಿದ್ದರೆ ಆ ಒಂದನ್ನು ಅತ್ತಿತ್ತ ಸರಿಸುವ ಬುದ್ಧಿ ಯಾಕೆ ಬರಬೇಕಿತ್ತು? ಇದನ್ನು ಅವಳು ಆಮೇಲೆ ಎಷ್ಟೋ ಸಲ ತನ್ನನ್ನೇ ಕೇಳಿಕೊಂಡಳು.

ಫೆಬ್ರವರಿಯ ಮೊದಲ ಸೋಮವಾರ ಕುವಾಬಾರಾ ಆ ಹಾಳೆಯನ್ನು ಮೀನಿನ ಪಕ್ಕ ಅಂಟಿಸಿದ. ಬೆರಳಿಟ್ಟು ಓದಿದ.

"ನಾಲ್ಕೂ ಮೇಜು ಹೆಚ್ಚುಕಡಿಮೆ ಒಂದೇ. ಅಂದ್ರೆ ತೊಳೆಯೋದ್ರಲ್ಲಿ, ಒರೆಸೋದ್ರಲ್ಲಿ ಏನೂ ಇಲ್ಲ. ಇಲ್ಲಿಗೆ ಬರೋ ಮುಂಚೆನೇ ಆಗಿರ್ಬೇಕು. ಈಗ ಈ ಕಡೆ ನೋಡಿ. ಹೊಳಪಿನ ಮನೆ ಮೂರು. ಎರಡು ಮನೆ ಸೇರಿ ಎಪ್ಪತ್ತೆಂಟು. ಮೂರನೇ ಮನೆ ಒಂದೇ ನಾನೂರ ಎರಡು."

ಮೂರನೇ ಮನೆ ಕಜಾಮಾ ತೊಕುಜಿಯದು.

ಆ ಕಡೆಯ ಗೀಟುಗಳನ್ನು ಕಿನುಯೊ ಮುಟ್ಟಿರಲಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹಾಕಿದ್ದಳು. ಅಲ್ಲೇ ಎಡವಿದ್ದು. ಕಜಾಮಾ ಬೆಳಗ್ಗೆ ಎಲ್ಲರಿಗಿಂತ ಮೊದಲು ಪೆಟ್ಟಿಗೆ ತಂದಿಳಿಸುತ್ತಿದ್ದರು. ಒರೆಸುವವರಲ್ಲಿ ಎಲ್ಲರಿಗಿಂತ ಮೊದಲು ಬರುತ್ತಿದ್ದವಳು ಟೋಮಿ. ಹಾಗಾಗಿ ಅವರ ಪೆಟ್ಟಿಗೆಗಳೆಲ್ಲ ಸೀದಾ ಮೂರನೇ ಮೇಜಿಗೇ ಹೋಗುತ್ತಿದ್ದವು. ಒಂದು ಕಡೆ ಸುಳ್ಳು ಬರೆದು ಇನ್ನೊಂದು ಕಡೆ ನಿಜ ಬರೆದರೆ ನಿಜವೂ ಸುಳ್ಳಿನ ಕೆಲಸವನ್ನೇ ಮಾಡುತ್ತದೆ ಎಂಬುದು ಅವಳಿಗೆ ಆ ಗಳಿಗೆಯಲ್ಲಿ ಹೊಳೆಯಿತು. ಬಾಯಿ ತೆರೆಯಲು ಅದೇ ಹೊತ್ತಾಗಿತ್ತು. ಅವಳು ತೆರೆಯಲಿಲ್ಲ.

"ಕಜಾಮಾ ಅಜ್ಜನಾ?" ಎಂದಳು ಟೋಮಿ, ನಿಜವಾಗಿಯೂ ಮರುಗಿ. "ಪಾಪ, ಅವ್ರಿಗೂ ವಯಸ್ಸಾಯ್ತಲ್ಲ. ಅರವತ್ತೊಂದೋ ಎರಡೋ ಇರ್ಬೇಕು. ಮೊದಲಿನ ಕೈ ಎಲ್ಲಿಂದ ಬರುತ್ತೆ?"

"ಹೆಸರು ಬೇಡ," ಎಂದ ಕುವಾಬಾರಾ. "ವಯಸ್ಸು ಅಂತ ಬೇಕಾದ್ರೆ ಬರೀಬಹುದು. ಇಗರಾಶಿಯಮ್ಮ, ಬರೀರಿ."

ಕಿನುಯೊ ಕುಂಚ ಅದ್ದಿ, ಆಳು ಎಂಬ ಮುಳ್ಳಿಗೆ ಒಂದು ಸಣ್ಣ ಮುಳ್ಳು ಎಳೆದು, "ಹೊಳಪು ಕೊಡುವವರ ವಯಸ್ಸು" ಎಂದು ಬರೆದಳು. ಅಕ್ಷರ ಎಂದಿನಂತೆ ದುಂಡಗೆ ಬಂತು.

ಮರುದಿನ ಕಜಾಮಾರನ್ನು ಕರೆಸಿದರು. ಹೊಳಪುಚಕ್ರದ ಮಸಿ ಮುಖದ ಗೆರೆಗಳಲ್ಲಿ ಕೂತೇಬಿಟ್ಟಿದ್ದ, ಕಡಿಮೆ ಮಾತಿನ ಮನುಷ್ಯ. ಮೂವತ್ತೈದು ವರ್ಷದಿಂದ ಚಮಚಕ್ಕೆ ಹೊಳಪು ಕೊಡುತ್ತಿದ್ದವರು. ಕುವಾಬಾರಾ ಮೀನು ತೋರಿಸಿ ವಿವರಿಸಿದ. ಅವರು ಟೋಪಿ ಕೈಯಲ್ಲಿ ಹಿಡಿದು ಕೇಳಿದರು. ಹಾಳೆಯ ಕಡೆ ಕಣ್ಣು ಕೂಡ ಹಾಯಿಸಲಿಲ್ಲ.

"ಎಣಿಸಿದ್ದು ಯಾರು?" ಎಂದು ಮಾತ್ರ ಕೇಳಿದರು.

"ಇಗರಾಶಿಯಮ್ಮ."

"ಹಾಗಾದ್ರೆ ಮುಗೀತು. ತಪ್ಪು ನಂದೇ."

ಉತ್ತರದ ಕಿಟಕಿಯ ಕೆಳಗೆ ಕೂತಿದ್ದ ಕಿನುಯೊಳಿಗೆ ಈ ಮಾತು ಸ್ಪಷ್ಟವಾಗಿ ಕೇಳಿತು. ಅವರು ಹೋಗುವಾಗ ಅವಳ ಮುಂದೆ ನಿಂತು ಸೊಂಟ ಬಗ್ಗಿಸಿ, "ನಿಮ್ಮ ಕಣ್ಣಿಗೆ ಕೆಲಸ ಹೆಚ್ಚು ಮಾಡಿಬಿಟ್ಟೆ, ಕ್ಷಮಿಸಿ" ಎಂದರು. ಕೊಡಲು ಒಣಗಿಸಿದ ಪರ್ಸಿಮನ್ ಹಣ್ಣಿನ ಸರವೊಂದನ್ನು ತಂದಿದ್ದರು. ಅದನ್ನು ಮೇಜಿನ ಮೂಲೆಗಿಟ್ಟು ಹೋದರು. ಹೆಂಗಸರೆಲ್ಲ ಹಂಚಿಕೊಂಡು ತಿಂದರು. ಕಿನುಯೊ ಬಾಯಿಗಿಟ್ಟದ್ದನ್ನು ಕರವಸ್ತ್ರಕ್ಕೆ ಉಗುಳಿದಳು.

ಅವರಿಗೆ ಫೆಬ್ರವರಿಯ ಕೊನೆಯವರೆಗೆ ಗಡುವು ಕೊಟ್ಟಿದ್ದರು. ಗೀರು ನಿಲ್ಲದಿದ್ದರೆ ಆ ಮನೆಗೆ ಕೆಲಸ ಹೋಗುವುದಿಲ್ಲ. ಕಜಾಮಾ ಚಕ್ರದ ಬಟ್ಟೆ ಬದಲಿಸಿದರು, ಹೊಳಪಿನ ಮಣ್ಣು ಬದಲಿಸಿದರು, ದಿನಕ್ಕೆ ಎಂಟು ಪೆಟ್ಟಿಗೆ ತರುತ್ತಿದ್ದವರು ಐದೇ ತರತೊಡಗಿದರು. ಗೀರು ಮಾತ್ರ ಬರುತ್ತಲೇ ಇತ್ತು. ಒಮ್ಮೆ ಟೋಮಿ ಜ್ವರ ಬಂದು ಎರಡು ದಿನ ರಜೆ ಹಾಕಿದಳು. ಆಗ ಅವರ ಪೆಟ್ಟಿಗೆಗಳು ಒಂದನೇ ಮೇಜಿಗೆ ಹೋದವು. ಆ ಎರಡು ದಿನ ಕಿನುಯೊ ಅವರ ಒಂದೊಂದು ಚಮಚವನ್ನೂ ನೋಡಿದಳು. ಗೀರಿರಲಿಲ್ಲ. ಅಷ್ಟು ಚೊಕ್ಕ ಕೆಲಸವನ್ನು ಅವಳು ಹತ್ತೊಂಬತ್ತು ವರ್ಷದಲ್ಲಿ ಕಂಡಿರಲಿಲ್ಲ.

ಅವತ್ತು ಕುವಾಬಾರಾನ ಕೋಣೆಯ ಬಾಗಿಲವರೆಗೆ ಹೋದಳು. ಬಾಗಿಲ ಮುಂದೆ ಚಪ್ಪಲಿಗಳನ್ನು ಸರಿಯಾಗಿ ಜೋಡಿಸಿಟ್ಟು ವಾಪಸು ಬಂದಳು. ಈಗ ಹೇಳಿದರೆ ಟೋಮಿಯ ಮಾತಷ್ಟೇ ಅಲ್ಲ, ಹಾಳೆಯ ಮಾತೂ ಹೊರಗೆ ಬರುತ್ತದೆ. ಗೆಳತಿಯ ಮಾನ ಉಳಿಸಲೆಂದು ಮುಚ್ಚಿಟ್ಟದ್ದನ್ನು ಈಗ ತನ್ನ ಮಾನಕ್ಕಾಗಿ ಮುಚ್ಚಿಡುತ್ತಿದ್ದೇನೆ ಎಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಮುಚ್ಚಿಟ್ಟಳು. ಇದನ್ನು ಕಥೆ ಹೇಳುವ ನಾನು ಮೆತ್ತಗೆ ಮಾಡಿ ಹೇಳಲಾರೆ.

ತಿಂಗಳ ಕೊನೆಯ ಶನಿವಾರ ಕಜಾಮಾರ ಕೆಲಸ ನಿಂತಿತು. ಭಾನುವಾರ ಬೆಳಗ್ಗೆ ಕಿನುಯೊ ಒಂದು ಡಬ್ಬಿ ಉಪ್ಪಿನಕಾಯಿ ಹಿಡಿದು ಟೋಮಿಯ ಕೋಣೆಗೆ ಹೋದಳು. ಹೋದದ್ದು ಪ್ರೀತಿಗಲ್ಲ. ಸೋಮವಾರದಿಂದ ಗೀರು ಬೇರೆ ಮನೆಗಳ ಪೆಟ್ಟಿಗೆಯಲ್ಲಿ ಕಾಣಿಸುತ್ತದೆ, ಆಗ ಎಲ್ಲ ಬಯಲಾಗುತ್ತದೆ ಎಂಬ ಹೆದರಿಕೆಗೆ. ಟೋಮಿಯ ಮೇಜಿನಲ್ಲಿ ಅಂಥದ್ದೇನಿದೆ ಎಂದು ಅವಳಿಗೆ ಗೊತ್ತಾಗಲೇಬೇಕಿತ್ತು.

ಒಳಗೆ ಕಾಲಿಟ್ಟ ಕೂಡಲೇ ಕಾಣಿಸಿತು. ಒರೆಸುವ ಬಟ್ಟೆಗಳನ್ನು ಮೇಜಿನವರೇ ಮನೆಗೆ ಒಯ್ದು ಒಗೆದು ತರುವ ರೂಢಿ. ಹೊರಗೆ ಆಳೆತ್ತರ ಹಿಮ. ಬಟ್ಟೆ ಒಣಗಬೇಕಾದದ್ದು ಕೋಣೆಯೊಳಗೇ. ಟೋಮಿಯ ಬಟ್ಟೆಗಳು ಹಗ್ಗದ ಮೇಲೆ ಸಾಲಾಗಿ ನೇತಾಡುತ್ತಿದ್ದವು. ಹಲಗೆಯ ಗೋಡೆಯಾಚೆ ಮೈದುನನ ಸಾಣೆಯಂತ್ರ ಗುಂಯ್‌ಗುಡುತ್ತಿತ್ತು, ಅವನು ಫೋರ್ಕಿನ ಹಲ್ಲು ಉಜ್ಜುವವನು. ಟೋಮಿ ಚಹಾ ಕಾಸಲು ಎದ್ದಾಗ ಕಿನುಯೊ ತೊಲೆಯ ಮೇಲೆ ಬೆರಳಾಡಿಸಿದಳು. ಬೆರಳಿಗೆ ಬೂದುಬಣ್ಣದ ಸಣ್ಣ ಹರಳು ಹತ್ತಿತು. ಒದ್ದೆ ಬಟ್ಟೆಯಲ್ಲಿ ಆ ಹುಡಿ ಕೂತು, ಆ ಬಟ್ಟೆ ಚಮಚದ ಮೇಲೆ ಆಡಿದರೆ ಗೀರು ಬೀಳದೆ ಇನ್ನೇನಾದೀತು?

ಐದು ಯಾಕೆ ಕೇಳುವುದೂ ಬೇಡವಾಗಿತ್ತು. ಮೂರಕ್ಕೇ ಬೇರು ಸಿಕ್ಕಿಬಿಡುತ್ತಿತ್ತು. ಬಟ್ಟೆ ಒಣಗಿಸಲು ಕಾರ್ಖಾನೆಯಲ್ಲಿ ಒಂದು ಹಗ್ಗ ಕಟ್ಟಿದ್ದರೆ ಕಥೆ ಮುಗಿಯುತ್ತಿತ್ತು. ಟೋಮಿಗೂ ಯಾರೂ ಏನೂ ಅನ್ನುತ್ತಿರಲಿಲ್ಲ. ಮೂರನೇ ಮೇಜಿನ ಅಂಕಣದಲ್ಲಿ ಗೀಟುಗಳನ್ನು ಇದ್ದಷ್ಟೇ ಹಾಕಿದ್ದರೆ ಸಾಕಿತ್ತು.

"ನಿನ್ ಕೋಣೆ ಥಂಡಿ ಕಣೆ," ಎಂದಳು ಕಿನುಯೊ, ಚಹಾ ಕುಡಿಯುತ್ತ. "ಇನ್ಮೇಲೆ ಬಟ್ಟೆ ನಂಗೆ ಕೊಡು. ನಮ್ಮನೇಲಿ ಒಲೆ ಹತ್ರ ಒಣಗಿಸ್ತೀನಿ."

"ಅಯ್ಯೋ, ನಿನಗ್ಯಾಕೆ ಈ ಕೆಲಸ?"

"ಅನ್ನದುಂಡೆ ತಿಂದಿಲ್ವಾ ನಾನು?"

ಟೋಮಿಯ ಕಣ್ಣು ತುಂಬಿತು. ಕಿನುಯೊ ಲೋಟದೊಳಕ್ಕೆ ನೋಡುತ್ತ ಕೂತಳು.

ಮರುವಾರವೇ ಗೀರುಗಳು ಮೊದಲಿನ ಲೆಕ್ಕಕ್ಕೆ ಇಳಿದವು. ಕುವಾಬಾರಾ ಮೀನಿನ ಮುಂದೆ ನಿಂತು ಕೈ ಉಜ್ಜಿಕೊಂಡ. ಕಜಾಮಾರ ಕೆಲಸ ನಿಲ್ಲಿಸಿದ್ದೇ ತಡ ಗೀರು ನಿಂತಿತು, ಇನ್ನೇನು ಸಾಕ್ಷಿ ಬೇಕು? ಬೇರನ್ನು ಗುಟ್ಟಾಗಿ ಕಿತ್ತು, ಗೀರು ನಿಂತ ಹೆಚ್ಚುಗಾರಿಕೆಯನ್ನು ಸುಳ್ಳಿನ ಹೆಸರಿಗೆ ಬರೆಸಿದವಳು ಕಿನುಯೊ. ಊರಿನಲ್ಲಿ ಸುದ್ದಿ ಹಬ್ಬಲು ಎಷ್ಟು ಹೊತ್ತು? ಕಜಾಮಾರ ಕೈ ಹೋಯಿತಂತೆ ಎಂದರು. ಬೇರೆ ಕಾರ್ಖಾನೆಯವರೂ ಅವರಿಗೆ ಹೊಳಪಿನ ಕೆಲಸ ಕೊಡುವುದನ್ನು ಬಿಟ್ಟು, ಚಮಚದ ಅಂಚು ಒರಟಾಗಿ ಉಜ್ಜುವ ಕೆಲಸ ಕೊಟ್ಟರು, ಹೊಸಬರಿಗೆ ಕೊಡುವ ಕೆಲಸ.

ಜೂನ್‌ನಲ್ಲಿ ನೀಗಾತಾ ನಗರದಲ್ಲಿ ಜಿಲ್ಲೆಯ ಕಾರ್ಖಾನೆಗಳ ಕೂಟ ಇತ್ತು. ಅಲ್ಲಿ ಈ ಮೀನನ್ನು ತೋರಿಸಿ ವಿವರಿಸಬೇಕೆಂದು ಮಾಲೀಕರು ಹೇಳಿದರು. ವಿವರಿಸುವವಳು ಕಿನುಯೊ. ದೊಡ್ಡ ಹಾಳೆಯಲ್ಲಿ ಮತ್ತೆ ಚೆನ್ನಾಗಿ ಬರೆಯಿರಿ ಎಂದು ಕುವಾಬಾರಾ ಹೊಸ ಕುಂಚ ತಂದುಕೊಟ್ಟ. ತಲೆ ಬರೆದಳು, ಬೆನ್ನೆಲುಬು ಬರೆದಳು, ಯಂತ್ರ, ಸರಕು, ವಿಧಾನ ಎಲ್ಲ ಬರೆದಳು. "ವಯಸ್ಸು" ಎಂಬಲ್ಲಿಗೆ ಬಂದಾಗ ಕೈ ಮುಂದೆ ಹೋಗಲಿಲ್ಲ. ಕುಂಚದಿಂದ ಮಸಿ ತೊಟ್ಟಿಕ್ಕಿ ಹಾಳೆ ಕೆಟ್ಟಿತು.

ಮುಂದಿನ ಭಾನುವಾರ ಅವಳು ಕಜಾಮಾರ ಮನೆಗೆ ಹೋದಳು. ಹೊಳೆಯ ದಂಡೆಯಲ್ಲಿ ಮನೆ, ಮನೆಗೆ ಅಂಟಿಕೊಂಡ ಕೊಟ್ಟಿಗೆಯಲ್ಲಿ ಚಕ್ರ. ಅವರ ಹೆಂಡತಿ ಯೊನೆ ಅಂಗಳದಲ್ಲಿ ಕೂತು ಉಪ್ಪಿಗೆ ಹಾಕಲು ಹುಳಿ ಉಮೆ ಕಾಯಿಗಳ ತೊಟ್ಟು ಬಿಡಿಸುತ್ತಿದ್ದಳು.

"ಒಳಗಿದ್ದಾರೆ, ಹೋಗಿ," ಎಂದಳು ಪಿಸುದನಿಯಲ್ಲಿ. "ನಾನು ಬರಲ್ಲ. ನಾನು ಬಂದ್ರೆ ಕೆಲಸ ಕೆಡುತ್ತೆ ಅಂತಾರೆ."

ಕೊಟ್ಟಿಗೆಯೊಳಗೆ ಕಜಾಮಾ ಎದ್ದು ನಿಂತು ನಮಸ್ಕರಿಸಿದರು. ಚಕ್ರದ ಹಿಂದಿನ ಗೋಡೆಯ ಮೇಲೆ ಮೀನಿತ್ತು. ಫೆಬ್ರವರಿಯಲ್ಲಿ ಕುವಾಬಾರಾ ಅವರಿಗೊಂದು ಪ್ರತಿ ಕೊಟ್ಟಿದ್ದನಂತೆ. ಅದರ ಮುಳ್ಳುಗಳ ಮೇಲೆ ಪೆನ್ಸಿಲಿನಲ್ಲಿ ಸಣ್ಣ ಅಕ್ಷರ, ಇರುವೆ ಹರಿದ ಹಾಗೆ. ಕಿನುಯೊ ಹತ್ತಿರ ಹೋಗಿ ಓದಿದಳು. ಎಡಗೈ ನಡುಕ. ಬೆಳಗಿನ ಚಹಾ. ರೇಡಿಯೊ. ಯೊನೆಯ ಮಾತು. ಬಲಗಣ್ಣು. ಎಲ್ಲಕ್ಕಿಂತ ಕೆಳಗೆ, ತುಂಬಾ ಸಣ್ಣದಾಗಿ: ಸೆಯಿಜಿಯ ನೆನಪು.

ಸೆಯಿಜಿ ಅವರ ಮಗ. ಹದಿನಾಲ್ಕನೇ ವಯಸ್ಸಿಗೆ ಇದೇ ಹೊಳೆಯಲ್ಲಿ ಮುಳುಗಿ ಹೋದವನು. ಊರಿಗೆಲ್ಲ ಗೊತ್ತಿದ್ದ ಸಂಗತಿ.

"ಒಂದೊಂದಾಗಿ ಬಿಟ್ಟು ನೋಡ್ದೆ," ಎಂದರು ಕಜಾಮಾ, ಪಾಠ ಒಪ್ಪಿಸುವ ಹಾಗೆ. "ಚಹಾ ಬಿಟ್ಟೆ. ರೇಡಿಯೊ ತೆಗೆಸ್ದೆ. ಇವಳನ್ನ ಒಳಗೆ ಬರ್ಬೇಡ ಅಂದೆ. ಈ ಕೊನೇದೊಂದು ಬಿಡೋಕಾಗ್ತಿಲ್ಲ. ಚಕ್ರ ತಿರುಗ್ತಾ ಇದ್ರೆ ತಾನಾಗೇ ಬಂದ್ಬಿಡುತ್ತೆ. ಅದೇ ಇರ್ಬೇಕು ಅಂತ ನನಗನ್ಸುತ್ತೆ. ನೀವು ಬಂದಿದ್ದು ಒಳ್ಳೇದಾಯ್ತು. ನಿಮ್ ಕಣ್ಣಿಗೆ ತಿಳಿಯುತ್ತೆ. ಇದ್ರಲ್ಲಿ ಯಾವುದು ಹೇಳಿ."

ಕಿನುಯೊ ಅಲ್ಲೇ ಮಸಿನೆಲದ ಮೇಲೆ ಮಂಡಿಯೂರಿದಳು. ಹಣೆ ನೆಲಕ್ಕೆ ಹಚ್ಚಿ ಹೇಳಿದಳು. ಗೀಟುಗಳನ್ನು ಹಂಚಿದ್ದು, ಜ್ವರದ ಎರಡು ದಿನ ನೋಡಿದ್ದು, ಬಟ್ಟೆ, ತೊಲೆಯ ಮೇಲಿನ ಹುಡಿ, ಸುಮ್ಮನಿದ್ದದ್ದು, ಒಂದನ್ನೂ ಬಿಡಲಿಲ್ಲ. ಹೇಳುವಾಗ ಅವಳು ಅಳಲಿಲ್ಲ. ಅಳು ಬಂದಿದ್ದರೆ ಅದೂ ಒಂದು ನೆಪವಾಗುತ್ತಿತ್ತು ಎಂದು ಅವಳಿಗೆ ಅನ್ನಿಸಿತು.

"ಫೆಬ್ರವರಿಲಿ ನಾನೇ ತೊಳೆದು ನೋಡ್ತಿದ್ದೆ," ಎಂದರು ಕಜಾಮಾ. "ಒಂದೂ ಗೀರು ಕಾಣ್ತಿರ್ಲಿಲ್ಲ. ಅಂದ್ರೆ ಇರ್ಲೇ ಇಲ್ವಾ?"

"ಇರ್ಲಿಲ್ಲ."

"ನಾನು ಕಣ್ಣು ಹೋಯ್ತು ಅಂದ್ಕೊಂಡೆ."

ಬಾಗಿಲಲ್ಲಿ ಯೊನೆ ನಿಂತಿದ್ದಳು, ಮಡಿಲ ತುಂಬ ಉಮೆ ಕಾಯಿ ಹಿಡಿದುಕೊಂಡು. "ನಮ್ಮನೇಲಿ ನಾಲ್ಕು ತಿಂಗಳಿಂದ ಮಗನ ಹೆಸ್ರು ಎತ್ತಿಲ್ಲ," ಎಂದಳು. "ಮಾರ್ಚಿನ ಹಿರಿಯರ ಹಬ್ಬಕ್ಕೆ ಅವನ ಸಮಾಧಿಗೂ ಹೋಗ್ಲಿಲ್ಲ. ಹೋದ್ರೆ ಇವ್ರಿಗೆ ನೆನಪಾಗುತ್ತೆ, ನೆನಪಾದ್ರೆ ಚಮಚಕ್ಕೆ ಗೀರು ಬೀಳುತ್ತೆ ಅಂತ."

ಏಳಿ ಎಂದು ಕಿನುಯೊಳಿಗೆ ಯಾರೂ ಹೇಳಲಿಲ್ಲ. ಎಷ್ಟೋ ಹೊತ್ತಾದ ಮೇಲೆ ತಾನಾಗಿ ಎದ್ದು, ಮಸಿ ಹತ್ತಿದ ಹಣೆಯನ್ನು ಒರೆಸಿಕೊಳ್ಳದೆಯೇ ಊರ ನಡುವಿನ ದಾರಿಯಲ್ಲಿ ಮನೆಗೆ ನಡೆದಳು.

ಸೋಮವಾರ ಬೆಳಗಿನ ಸಾಲಿನಲ್ಲಿ, ಎಲ್ಲರೂ ನಿಂತಿರುವಾಗ, ಕಿನುಯೊ ಮುಂದೆ ಬಂದು ಅದನ್ನೇ ಮತ್ತೆ ಹೇಳಿದಳು. ಕುವಾಬಾರಾ ಬೈಯಲಿಲ್ಲ. "ನಾನೂ ಆ ಹಾಳೆ ಒಂದನ್ನೇ ನೋಡ್ದೆ. ಮೇಜಿನ ಹತ್ರ ಹೋಗಿ ಒಂದು ದಿನ ಕೂತು ನೋಡ್ಲಿಲ್ಲ" ಎಂದ.

ಬೈದವಳು ಟೋಮಿ. ಬುತ್ತಿಯ ಹೊತ್ತಿನಲ್ಲಿ, ಎಲ್ಲರ ಎದುರು.

"ನಾನು ಕೇಳಿದ್ನಾ ನಿನ್ನ? ಬಟ್ಟೇಲಿ ಹುಡಿ ಇದೆ ಕಣೆ ಅಂದಿದ್ರೆ ಅವತ್ತೇ ಒದರಿ ಬೇರೆ ಕಡೆ ಹಾಕ್ತಿದ್ದೆ. ಇಷ್ಟೇ ತಾನೆ? ನನ್ನ ಮರ್ಯಾದೆ ಉಳಿಸ್ತೀನಿ ಅಂತ ಆ ಮುದುಕನ ಹೊಟ್ಟೆ ಮೇಲೆ ನನ್ನ ಕೈಲೇ ಹೊಡೆಸ್ದೆ. ವಯಸ್ಸಾಯ್ತು ಅಂತ ಅವತ್ತು ನಾನೇ ಹೇಳ್ದೆನಲ್ಲೇ. ನೀನು ಬರ್ಕೊಂಡೆ. ನನ್ನ ಮುಖ ನೋಡ್ಕೊಂಡೇ ಬರ್ಕೊಂಡೆ."

ಟೋಮಿ ತನ್ನ ಬುತ್ತಿ ಎತ್ತಿಕೊಂಡು ಬೇರೆ ಮೇಜಿಗೆ ಹೋದಳು. ಆಮೇಲೆ ಅವಳು ಕಿನುಯೊಳ ಜೊತೆ ಮಾತಾಡಿದ್ದು ಮೂರು ವರ್ಷದ ನಂತರ.

ಕೂಟಕ್ಕೆ ಯಾರೂ ಹೋಗಲಿಲ್ಲ. ಕಿನುಯೊಳನ್ನು ಕಿಟಕಿಯ ಕೆಳಗಿಂದ ಎಬ್ಬಿಸಿ, ಪೆಟ್ಟಿಗೆ ಕಟ್ಟುವ ಕಡೆ ಹಾಕಿದರು. ಅವಳಿಗೆ ಅದು ಕಡಿಮೆಯೆಂದೇ ಅನ್ನಿಸಿತು. ಮಾಲೀಕರು ತಾವೇ ಕಜಾಮಾರ ಮನೆಗೆ ಹೋಗಿ ಕ್ಷಮೆ ಕೇಳಿ, ಸೆಪ್ಟೆಂಬರಿನಿಂದ ಮತ್ತೆ ಹೊಳಪಿನ ಕೆಲಸ ಕಳಿಸಿದರು. ಎಂಟು ಪೆಟ್ಟಿಗೆ ಕಳಿಸಿದರು. ಸಂಜೆಗೆ ಮುಗಿದು ಬಂದದ್ದು ಒಂದು.

ಯಾಕೆಂದು ನೋಡಲು ಕಿನುಯೊ ಆ ಭಾನುವಾರ ಹೋದಳು, ಆಮೇಲಿನ ಭಾನುವಾರಗಳಲ್ಲೂ ಹೋದಳು. ಯೊನೆ ಬನ್ನಿ ಅನ್ನುತ್ತಿರಲಿಲ್ಲ, ಬೇಡ ಎಂದೂ ಅನ್ನುತ್ತಿರಲಿಲ್ಲ. ಕಜಾಮಾ ಚಮಚಕ್ಕೆ ಹೊಳಪು ಕೊಟ್ಟು, ತೊಳೆದು, ಬಾಗಿಲ ಬಳಿ ತಂದು ನೋಡುತ್ತಿದ್ದರು. ಮತ್ತೆ ಚಕ್ರಕ್ಕೆ ಹಿಡಿಯುತ್ತಿದ್ದರು. ಮತ್ತೆ ತೊಳೆದು ನೋಡುತ್ತಿದ್ದರು. ಅಂಥ ಚೊಕ್ಕ ಚಮಚವನ್ನು ಆರಾರು ಸಲ. ಗೋಡೆಯ ಮೇಲಿನ ಮೀನನ್ನು ಕಿತ್ತು ಒಲೆಗೆ ಹಾಕಿದ್ದರೂ ಮುಳ್ಳುಗಳು ಒಳಗೇ ಉಳಿದಿದ್ದವು.

ಒಂದು ಭಾನುವಾರ ಅವಳು ತಡೆಯಲಾರದೆ ಕೈ ಚಾಚಿ, ಅವರ ಕೈಯಲ್ಲಿದ್ದ ಚಮಚವನ್ನು ತೆಗೆದುಕೊಂಡು ಬೆಳಕಿಗೆ ಹಿಡಿದಳು.

"ಚೊಕ್ಕವಾಗಿದೆ, ಕಜಾಮಾ ಅವ್ರೇ. ಏನೂ ಇಲ್ಲ ಇದ್ರಲ್ಲಿ. ಪೆಟ್ಟಿಗೆಗೆ ಹಾಕಿ."

ಕಜಾಮಾ ಅವಳ ಮುಖ ನೋಡಿದರು. ಸಿಟ್ಟಿರಲಿಲ್ಲ ಆ ನೋಟದಲ್ಲಿ. ಚಮಚವನ್ನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡು, ಅಡಿಗೆಮನೆಯ ಕಡೆ ತಿರುಗಿ ಕೂಗಿದರು.

"ಯೊನೆ, ಸ್ವಲ್ಪ ಬಾ ಇಲ್ಲಿ. ಇದ್ರಲ್ಲೇನಾದ್ರೂ ಗೀರು ಕಾಣುತ್ತಾ ನೋಡು."

ಜೀವಮಾನದಲ್ಲಿ ಒಂದು ಚಮಚವನ್ನೂ ಪರೀಕ್ಷೆ ಮಾಡಿರದ ಯೊನೆ ಕೈ ಒರೆಸಿಕೊಳ್ಳುತ್ತ ಬಂದಳು. ಕಣ್ಣು ಕಿರಿದು ಮಾಡಿ ಹಿಂದೆ ಮುಂದೆ ತಿರುಗಿಸಿ, "ಇಲ್ಲಪ್ಪ, ಏನಿಲ್ಲ" ಎಂದಳು. ಕಜಾಮಾ ಅದನ್ನು ಪೆಟ್ಟಿಗೆಗೆ ಹಾಕಿದರು. ಇನ್ನೊಂದನ್ನು ತೊಳೆದು ಅದನ್ನೂ ಯೊನೆಯ ಕೈಗೇ ಕೊಟ್ಟರು.